ಬೀದಿದೀಪದ ಬೆಳಕು ಬೀದಿಗೆ ಬೀಳಲಿ

ಮಾನ್ಯ ಸಂಪಾದಕರೇ,

ನಾನು ಲೈನ್‌ಮನ್ ಆಗಿ 36 ವರ್ಷ ದುಡಿದು 2019ರಲ್ಲಿ ನಿವೃತ್ತನಾದವನು. ವಿಜಯಪುರ ಜಿಲ್ಲೆಯ ಎಷ್ಟು ಓಣಿಗೆ, ಎಷ್ಟು ತಾಂಡಾಕ್ಕೆ, ಎಷ್ಟು ಗುಡಿ ಕಟ್ಟೆಗೆ ದೀಪ ಹಾಕಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬ್ ಹೊತ್ತಿಕೊಂಡಾಗ ಮುದುಕಿಯೊಬ್ಬಳು ನನ್ನ ಕೈಗೆ ಬೆಲ್ಲ, ಪುಠಾಣಿ ಕೊಟ್ಟು ಆ ಬಲ್ಬಿಗೆ ಕೈ ಮುಗಿದದ್ದು ಇನ್ನೂ ಕಣ್ಣ ಮುಂದೆ ಇದೆ. ದೀಪದ ಬೆಲೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಈಗ ನಮ್ಮ ಊರುಗಳಲ್ಲಿ ದೀಪ ಹಾಕುವ ರೀತಿ ನೋಡಿ ಮನಸ್ಸು ತಡೆಯದೆ ಬರೆಯುತ್ತಿದ್ದೇನೆ. ಬೀದಿಗೆ ಬೀಳಬೇಕಾದ ಬೆಳಕು ಮುಗಿಲಿಗೆ ಹೋಗುತ್ತಿದೆ. ಮುಗಿಲಿನ ಚುಕ್ಕಿಗಳು ಕಾಣದಾಗಿವೆ.

ಇದು ತಲೆಗೆ ಹತ್ತಿದ್ದು ಮೊಮ್ಮಗಳಿಂದ. ಅವಳು ಆರನೇ ಇಯತ್ತೆ. ಕಳೆದ ಡಿಸೆಂಬರ್‌ನಲ್ಲಿ ಅವಳ ವಿಜ್ಞಾನದ ಮೇಡಂ ಮನೆಗೆಲಸ ಕೊಟ್ಟಿದ್ದರು. ಕೃತ್ತಿಕಾ ನಕ್ಷತ್ರದ ಗುಂಪಿನಲ್ಲಿ ನಿಮ್ಮ ಮನೆಯಿಂದ ಎಷ್ಟು ಚುಕ್ಕಿ ಕಾಣುತ್ತವೆ, ಎಣಿಸಿ ಬರೆಯಿರಿ ಅಂತ. ಇಬ್ಬರೂ ಮಾಳಿಗೆ ಹತ್ತಿದೆವು. ನಮ್ಮ ಮನೆ ಎದುರಿನ ಕಂಬದ ದೀಪ ಸರಿಯಾಗಿ ಮಾಳಿಗೆಯ ಎತ್ತರಕ್ಕೆ ಇದೆ. ಅದರ ಬಿಳಿ ಬೆಳಕು ನೇರ ಮುಖಕ್ಕೆ ಹೊಡೆಯುತ್ತದೆ. ಹುಡುಗಿ ಒಂದು ಕೈ ಹಣೆಗೆ ಅಡ್ಡ ಹಿಡಿದು ಕತ್ತು ನೋಯುವ ತನಕ ನೋಡಿದಳು. ನಾನು ಬೆರಳು ಮಾಡಿ ತೋರಿಸಿದೆ. ನೆತ್ತಿಯ ಹತ್ತಿರವೇ ಇರುತ್ತದೆ, ಡಿಸೆಂಬರ್ ರಾತ್ರಿ ಒಂಬತ್ತರ ಹೊತ್ತಿಗೆ ಹುಡುಕುವ ಕೆಲಸವೇ ಇಲ್ಲ.

"ಅಜ್ಜಾ, ಅಲ್ಲಿ ಚುಕ್ಕಿ ಇಲ್ಲ. ಯಾರೋ ಪಾಟಿ ಮ್ಯಾಲಿನ ಬಳಪ ಒರಸಿಧಂಗ ಐತಿ ನೋಡು" ಅಂದಳು.

ವಹಿಯಲ್ಲಿ ಹಾಗೇ ಬರೆದಳು. 'ಒಂದು ಮಸುಕು.'

ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕೃತ್ತಿಕೆ ಅಂದರೆ ಆರು ಜನ ತಾಯಂದಿರು, ಷಣ್ಮುಖನಿಗೆ ಹಾಲು ಕುಡಿಸಿದವರು ಅಂತ ನಮ್ಮ ಅವ್ವ ಕತೆ ಹೇಳುತ್ತಿದ್ದಳು. ಆರು ಅಂತ ಯಾರು ಎಣಿಸಿದರು? ಬರೀ ಕಣ್ಣಿನಿಂದ ನೋಡಿದ ನಮ್ಮ ಹಿರಿಯರೇ ಎಣಿಸಿದ್ದು. ದುರ್ಬೀನು ಏನೂ ಇರಲಿಲ್ಲ. ಅಂಥದ್ದು ಇವತ್ತು ಒಂದು ಮಗು ವಹಿಯಲ್ಲಿ ಮಸುಕು ಅಂತ ಬರೆಯುತ್ತದೆ. ಆ ಕಂಬದಂಥ ಎಷ್ಟೋ ಕಂಬಕ್ಕೆ ದೀಪ ಕಟ್ಟಿದವನು ನಾನೇ.

ನನ್ನ ಹುಟ್ಟೂರು ಡೋಣಿ ಹೊಳೆಯ ದಂಡೆಯಲ್ಲಿದೆ. ಸಾರವಾಡದ ಆಚೆ. ವಿಜಯಪುರದಿಂದ ಬಸ್ಸಿಗೆ ಮುಕ್ಕಾಲು ತಾಸಿನ ದಾರಿ. ಕರಿ ಎರಿ ಹೊಲ, ಹಿಂಗಾರಿ ಬಿಳಿಜೋಳ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಕಡೆ ಹೇಳುವುದು ಎಲ್ಲರಿಗೂ ಗೊತ್ತು. ಜೋಳ ಕಿತ್ತು, ತೆನೆ ಮುರಿದು, ರಾಶಿ ಆಗುವ ತನಕ ಕಣ ಕಾಯಬೇಕು. ನಾನು ನಾಲ್ಕನೇ ಇಯತ್ತೆಯಿಂದಲೂ ಅಜ್ಜನ ಜೋಡಿ ಕಣದಲ್ಲಿ ಮಲಗಿದವನು. ಕಣಕಿ ಹಾಸಿ ಅದರ ಮೇಲೆ ಕಂಬಳಿ. ಅಜ್ಜನಿಗೆ ಗಡಿಯಾರ ಇರಲಿಲ್ಲ. ಸಾಲಾಗಿ ನಿಂತ ಮೂರು ಚುಕ್ಕಿಯನ್ನು ಅವನು ಕೂರಿಗಿ ಅನ್ನುತ್ತಿದ್ದ. ಮೂರು ತಾಳಿನ ಕೂರಿಗಿ. ಕೂರಿಗಿ ನೆತ್ತಿ ಮೇಲೆ ಬಂತು, ಇನ್ನು ಮಲಗು ಅನ್ನುವನು. ಕೂರಿಗಿ ಪಡುವಣಕ್ಕೆ ವಾಲಿತು, ನೀನು ಏಳು, ನಾನು ಅಡ್ಡಾಗುತ್ತೇನೆ ಅನ್ನುವನು. ಬೆಳಗಿನ ಜಾವ ಬೆಳ್ಳಿ ಚುಕ್ಕಿ ಮೂಡಿದ ದಿನ ಎತ್ತಿಗೆ ಮೇವು ಹಾಕಲು ಬೇರೆ ಯಾರೂ ಎಬ್ಬಿಸಬೇಕಿರಲಿಲ್ಲ.

ಅಜ್ಜ ಇನ್ನೊಂದು ಮಾತು ಹೇಳುತ್ತಿದ್ದ. ಮಿರಗದ, ಅಂದರೆ ಮೃಗಶಿರಾ ಮಳೆಯಲ್ಲಿ ಮಿರಗದ ಚುಕ್ಕಿ ಕಾಣುವುದಿಲ್ಲ ಅಂತ. ನನಗೆ ಬಹಳ ವರ್ಷ ಇದು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ರೋಹಿಣಿ, ಮಿರಗ, ಆರಿದ್ರಾ, ಮಘಿ ಅಂತ ನಾವು ಮಳೆಗೆ ಹೆಸರಿಡುವುದು ಆ ಹೊತ್ತಿಗೆ ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೆ ಅನ್ನುವುದರ ಮೇಲೆ. ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ. ಜೂನ್ ಮೊದಲ ವಾರ ಮುಗಿಯುತ್ತಿದ್ದಂತೆ ಸೂರ್ಯ ಮಿರಗಕ್ಕೆ ಬರುತ್ತಾನೆ. ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುವ ಚುಕ್ಕಿ ಹೇಗೆ ಕಾಣಬೇಕು? ಅದನ್ನು ನೋಡಬೇಕಾದರೆ ಚಳಿಗಾಲದಲ್ಲಿ, ಕಣದಲ್ಲಿ ಮಲಗಿದಾಗಲೇ ನೋಡಬೇಕು. ಅಂದರೆ ನಮ್ಮ ರೈತರು ಸುಗ್ಗಿಯಲ್ಲಿ ಮುಂದಿನ ಮುಂಗಾರಿನ ಚುಕ್ಕಿ ನೋಡಿಕೊಳ್ಳುತ್ತಿದ್ದರು. ಮಘಿ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಅನ್ನುವ ಗಾದೆ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಮಘಿ ಚುಕ್ಕಿ ಯಾವುದು ತೋರಿಸು ಅಂದರೆ ತೋರಿಸುವವರು ಎಷ್ಟು ಜನ ಉಳಿದಿದ್ದಾರೆ? ಗಾದೆ ಉಳಿದಿದೆ, ಚುಕ್ಕಿ ಹೋಗಿದೆ.

ಆ ಮಸುಕಿನ ಮೇಲೆ ನನಗೆ ಸಮಾಧಾನ ಇರಲಿಲ್ಲ. ಎಳ್ಳಮಾಸಿಗೆ ಚರಗ ಚೆಲ್ಲಲು ಊರಿಗೆ ಹೋದಾಗ ಮನೆಮಂದಿಯನ್ನೆಲ್ಲ ರಾತ್ರಿ ತನಕ ಹೊಲದಲ್ಲೇ ಉಳಿಸಿಕೊಂಡೆ. ಅಮಾವಾಸ್ಯೆ, ಚಂದ್ರ ಇಲ್ಲ. ಉಳಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬಿಚ್ಚಿಕೊಂಡು ಕೂತೆವು. ಮೊದಲು ಎಲ್ಲರ ಮೊಬೈಲ್ ಇಸಿದುಕೊಂಡು ಚೀಲದಲ್ಲಿ ಹಾಕಿದೆ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ಬೆಳಕು ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು.

ಅರ್ಧ ತಾಸಿಗೆ ಹುಡುಗಿ ತಾನೇ ಎದ್ದು ನಿಂತಳು. ಬೆರಳು ಮಡಚಿ ಎಣಿಸಿದಳು. ಆರು. ಮತ್ತೊಮ್ಮೆ ಎಣಿಸಿದಳು. ಆರೇ. ಆಮೇಲೆ ಏಳನೆಯದೂ ಇದೆ ಅಂತ ಅವರಪ್ಪನ ಜೊತೆ ವಾದಕ್ಕೆ ನಿಂತಳು. ನನಗೆ ಆರೂ ಕಾಣಲಿಲ್ಲ, ವಯಸ್ಸಾಯಿತು, ಎಡಗಣ್ಣಿಗೆ ಪೊರೆ ಬಂದಿದೆ. ಅವಳ ದನಿ ಕೇಳಿದರೇ ನನಗೆ ಸಾಕಾಗಿತ್ತು.

ಅದೇ ರಾತ್ರಿ ಇನ್ನೊಂದು ಕಂಡಿತು. ನಮ್ಮ ಊರಿನಿಂದ ವಿಜಯಪುರ ಈಶಾನ್ಯಕ್ಕೆ ಬರುತ್ತದೆ. ಆ ಮೂಲೆಯಲ್ಲಿ ನೆಲದಿಂದ ಎದ್ದ ಬೆಳ್ಳನೆಯ ಉಬ್ಬು. ದುಂಡಗೆ, ನಡುವೆ ಎತ್ತರ, ಎರಡು ಕಡೆ ಇಳಿಜಾರು. "ಅಜ್ಜಾ, ಗೋಳಗುಮ್ಮಟ!" ಅಂದಳು ಹುಡುಗಿ. ನಿಜವಾಗಿಯೂ ಹಾಗೇ ಇತ್ತು. 1656ರಲ್ಲಿ ಮುಗಿದ ಗುಮ್ಮಟ ಹಗಲು ಹೊತ್ತಿನಲ್ಲಿ ಬಯಲಿನ ಮೇಲೆ ಎಷ್ಟೋ ದೂರದಿಂದ ಕಾಣುತ್ತದೆ. ರಾತ್ರಿ ಕಾಣುವ ಈ ಗುಮ್ಮಟ ಕಟ್ಟಿದವರು ನಾವು. ಊರಿನ ದೀಪಗಳಿಂದ ಮೇಲೆ ಹೋದ ಬೆಳಕು ಗಾಳಿಯಲ್ಲಿರುವ ದೂಳಿಗೆ, ತೇವಕ್ಕೆ, ಗಾಳಿಯ ಕಣಕ್ಕೇ ಬಡಿದು ಚದುರಿ ಹೀಗೆ ನಿಲ್ಲುತ್ತದೆ. ಸಪ್ತರ್ಷಿಗಳು ಮೂಡುವುದು ಅದೇ ಮೂಲೆಯಲ್ಲಿ. ಚಳಿಗಾಲದ ರಾತ್ರಿ ಅವು ಏಳುವಾಗ ಈ ಬೆಳಕಿನ ಉಬ್ಬು ದಾಟಿ ಮೇಲೆ ಬರಬೇಕು. ಧ್ರುವನ ಪಾಡೂ ಕಷ್ಟವೇ. ನಮ್ಮ ವಿಜಯಪುರದಿಂದ ಧ್ರುವ ಬಹಳ ಮೇಲಿಲ್ಲ, ನೆಲದ ಅಂಚಿನಿಂದ ಸುಮಾರು 17 ಡಿಗ್ರಿ ಅಷ್ಟೆ. ಕೈ ಚಾಚಿ ಒಂದು ಮುಷ್ಟಿ ಹಿಡಿದು ಅದರ ಮೇಲೆ ಮುಕ್ಕಾಲು ಮುಷ್ಟಿ ಇಟ್ಟಷ್ಟು ಎತ್ತರ. ಬೆಳಕಿನ ಹೊಗೆ ಎಲ್ಲಕ್ಕಿಂತ ದಟ್ಟವಾಗಿ ನಿಲ್ಲುವುದು ಅಲ್ಲೇ, ಕೆಳಗೇ.

ಕತ್ತಲೆಯ ಹೊಲದಲ್ಲಿ ನಿಂತರೆ ಒಂದೇ ಹೊತ್ತಿಗೆ ಎರಡು ಮೂರು ಸಾವಿರ ಚುಕ್ಕಿ ಬರೀ ಕಣ್ಣಿಗೆ ಕಾಣುತ್ತವೆ. ಪೇಟೆಯ ನಡುವೆ ನಿಂತರೆ ಕೆಲವು ಹತ್ತು. ಹಾಲುಹಾದಿಯಂತೂ ಇಲ್ಲವೇ ಇಲ್ಲ. 2016ರಲ್ಲಿ ವಿಜ್ಞಾನಿಗಳು ಇಡೀ ಜಗತ್ತಿನ ರಾತ್ರಿ ಬೆಳಕಿನ ನಕಾಶೆ ಮಾಡಿದರು. ಜಗತ್ತಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನಕ್ಕೆ ತಮ್ಮ ಮನೆ ಇರುವ ಜಾಗದಿಂದ ಹಾಲುಹಾದಿ ಕಾಣುವುದಿಲ್ಲ ಅಂತ ಅದರಲ್ಲಿ ಗೊತ್ತಾಯಿತು. 2023ರಲ್ಲಿ ಇನ್ನೊಂದು ಲೆಕ್ಕ ಬಂತು. ಇದು ಮೇಡಂ ಮಕ್ಕಳಿಗೆ ಹೇಳಿದ್ದು, ಮೊಮ್ಮಗಳು ಬಂದು ನನಗೆ ಹೇಳಿದಳು. 2011ರಿಂದ 2022ರವರೆಗೆ ಸಾಮಾನ್ಯ ಜನರೇ ತಮ್ಮ ಮನೆಯಿಂದ ಚುಕ್ಕಿ ನೋಡಿ ಕಳಿಸಿದ 50 ಸಾವಿರಕ್ಕೂ ಹೆಚ್ಚು ಎಣಿಕೆಗಳನ್ನು ಸೇರಿಸಿ ನೋಡಿದರಂತೆ. ರಾತ್ರಿ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ ಹತ್ತರ ಹತ್ತಿರ ಏರುತ್ತಿದೆ. ಎಂಟು ವರ್ಷಕ್ಕೆ ಎರಡು ಪಟ್ಟು. ಮಗು ಹುಟ್ಟಿದಾಗ 250 ಚುಕ್ಕಿ ಕಾಣುತ್ತಿದ್ದ ಜಾಗದಲ್ಲಿ ಅದಕ್ಕೆ 18 ತುಂಬುವ ಹೊತ್ತಿಗೆ 100 ಮಾತ್ರ ಉಳಿಯುತ್ತವೆ. ಆ ಎಣಿಕೆಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು. ನಮ್ಮ ಕಡೆಯಿಂದ ಎಣಿಸಿ ಕಳಿಸಿದವರು ಬಹಳ ಕಡಿಮೆ.

ಈಗ ಕಂಬದ ವಿಷಯಕ್ಕೆ ಬರುತ್ತೇನೆ. ಇದು ನನ್ನ ಕಸುಬು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಹಳ್ಳಿಯ ಕಂಬದಲ್ಲಿ ಬಲ್ಬಿನ ಮೇಲೆ ಒಂದು ಕಬ್ಬಿಣದ ತಟ್ಟೆ ಇರುತ್ತಿತ್ತು. ಮೇಲೆ ಬಣ್ಣ, ಒಳಗೆ ಬಿಳಿ. ಬೆಳಕು ಮೇಲೆ ಹೋಗದೆ ಕೆಳಗೆ ಬೀಳಲಿ ಅಂತಲೇ ಅದನ್ನು ಮಾಡಿದ್ದರು. ಆಮೇಲೆ ಟ್ಯೂಬ್‌ಲೈಟ್ ಬಂದವು, ಮರ್ಕ್ಯುರಿ ಬಂತು, ಹಳದಿ ಸೋಡಿಯಂ ಬಂತು. ಈಗ ಎಲ್‌ಇಡಿ. ಕರೆಂಟು ಉಳಿಯುತ್ತದೆ, ಬಹಳ ದಿನ ಬಾಳುತ್ತದೆ, ಇದರಲ್ಲಿ ಎರಡು ಮಾತಿಲ್ಲ. ತೊಂದರೆ ಎರಡು ಕಡೆ ಆಗಿದೆ.

ಒಂದು, ಕಂಬದ ತೋಳು. ಹಳೇ ದೀಪಗಳಿಗೆ ಅಂತ ಮೇಲಕ್ಕೆ ಬಾಗಿಸಿ ಹಾಕಿದ ಪೈಪಿನ ಬ್ರ್ಯಾಕೆಟ್ಟಿಗೇ ಹೊಸ ಎಲ್‌ಇಡಿ ಫಿಟ್ಟಿಂಗ್ ತುರುಕಿದ್ದಾರೆ. ಎಲ್‌ಇಡಿ ಫಿಟ್ಟಿಂಗ್ ಚಪ್ಪಟೆ. ಅದರ ಮುಖ ಯಾವ ಕಡೆ ಇದೆಯೋ ಆ ಕಡೆಗೇ ಬೆಳಕು. ತೋಳು ಮೇಲಕ್ಕೆ ಬಾಗಿದ್ದರೆ ಫಿಟ್ಟಿಂಗ್ ಮುಖವೂ ಎದುರು ಮನೆಯ ಕಿಟಕಿಗೆ, ಅದರಾಚೆ ಮುಗಿಲಿಗೆ ತಿರುಗುತ್ತದೆ. ನಿಮ್ಮ ಓಣಿಯಲ್ಲಿ ಹೋಗಿ ನೋಡಿ. ಸ್ವಲ್ಪ ದೂರ ನಿಂತು ನೋಡಿದಾಗ ದೀಪದ ಉರಿಯುವ ಮುಖವೇ ಕಣ್ಣಿಗೆ ಕುಕ್ಕಿದರೆ ಅದು ತಪ್ಪಾಗಿ ಕೂತಿದೆ ಅಂತ ತಿಳಿಯಿರಿ. ಸರಿಯಾಗಿ ಕೂತ ದೀಪದ ಬೆಳಕು ನೆಲದ ಮೇಲೆ ಕಾಣಬೇಕು, ದೀಪ ಕಣ್ಣಿಗೆ ಹೊಡೆಯಬಾರದು. ಸರಿ ಮಾಡಲು ಬೇಕಾದದ್ದು ಒಂದು ಏಣಿ, ಒಂದು ಪಾನಾ. ಕ್ಲ್ಯಾಂಪಿನ ಬೋಲ್ಟು ಸಡಿಲ ಮಾಡಿ ಫಿಟ್ಟಿಂಗನ್ನು ನೆಲಕ್ಕೆ ಸಮ ಮಾಡಿ ಬಿಗಿದರೆ ಆಯಿತು. ತೋಳು ಜಾಸ್ತಿ ಬಾಗಿದ್ದರೆ ತೋಳು ಬದಲಿಸಬೇಕು. ಇದನ್ನು ಓದಿದವರು ಯಾರೂ ದಯವಿಟ್ಟು ತಾವೇ ಕಂಬ ಹತ್ತಬೇಡಿ. ಮೇಲೆ ಜೀವಂತ ತಂತಿ ಇರುತ್ತದೆ. ಇದು ಗೊತ್ತಿದ್ದವರು, ಲೈನ್ ಬಂದ್ ಮಾಡಿಸಿಕೊಂಡು ಮಾಡುವ ಕೆಲಸ.

ಎರಡನೆಯದು ಬೆಳಕಿನ ಬಣ್ಣ. ಸುಟ್ಟುಹೋದ ಎಲ್‌ಇಡಿ ಫಿಟ್ಟಿಂಗ್ ಬಿಚ್ಚಿ ನೋಡಿದರೆ ಒಳಗೆ ಸಣ್ಣ ಸಣ್ಣ ಹಳದಿ ಚೌಕಗಳ ಸಾಲು ಇರುತ್ತದೆ. ಆ ಹಳದಿ ಬರೀ ಲೇಪ. ಅದರ ಕೆಳಗಿರುವ ಚಿಪ್ ಕೊಡುವುದು ನೀಲಿ ಬೆಳಕು. ನೀಲಿ ಬೆಳಕಿನ ಎಲ್‌ಇಡಿ ಕಂಡುಹಿಡಿದದ್ದಕ್ಕೇ 2014ರಲ್ಲಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಲೇಪ ತೆಳುವಾಗಿದ್ದರೆ ನೀಲಿ ಜಾಸ್ತಿ ಹೊರಗೆ ಬರುತ್ತದೆ, ದಪ್ಪ ಇದ್ದರೆ ಹಳದಿ ಜಾಸ್ತಿ. ಈಗ ನಮ್ಮ ಓಣಿಗಳಲ್ಲಿ ಇರುವುದು ಹೆಚ್ಚಾಗಿ ನೀಲಿ ಬೆರೆತ ಕಡು ಬಿಳಿ. ಹಗಲು ಮುಗಿಲು ನೀಲಿಯಾಗಿ ಕಾಣುವುದು ಯಾಕೆ? ನೀಲಿ ಬೆಳಕು ಗಾಳಿಯಲ್ಲಿ ಉಳಿದವುಗಳಿಗಿಂತ ಜಾಸ್ತಿ ಚದುರುತ್ತದೆ, ಅದಕ್ಕೆ. ರಾತ್ರಿ ಬೀದಿದೀಪದ ನೀಲಿಯೂ ಅದೇ ಕೆಲಸ ಮಾಡುತ್ತದೆ. ಸೋಡಿಯಂ ಕಾಲದಲ್ಲಿ ಇಷ್ಟು ಇರಲಿಲ್ಲ. ಅಂಗಡಿಯಲ್ಲಿ ಬಲ್ಬಿನ ಡಬ್ಬಿ ತಿರುಗಿಸಿ ನೋಡಿ, 6500 ಕೆ ಅಂತಲೋ 3000 ಕೆ ಅಂತಲೋ ಬರೆದಿರುತ್ತಾರೆ. ಅಂಕಿ ಜಾಸ್ತಿಯಾದಷ್ಟೂ ನೀಲಿ ಜಾಸ್ತಿ. ಮನೆ ಹೊರಗಿನ ದೀಪಕ್ಕೆ 3000 ಅಥವಾ ಅದಕ್ಕಿಂತ ಕಡಿಮೆಯದು ಕೇಳಿ ತನ್ನಿ. ದರದಲ್ಲಿ ಅಂಥ ವ್ಯತ್ಯಾಸ ಏನೂ ಇಲ್ಲ.

ರಾತ್ರಿಯಿಡೀ ಉರಿಯುವ ಬಿಳಿ ದೀಪದಿಂದ ಆಗುವ ಬೇರೆ ತೊಂದರೆಗಳನ್ನೂ ಬರೆಯಬಹುದು. ಮೊದಲ ಮಳೆ ಬಿದ್ದ ರಾತ್ರಿ ಹೈಮಾಸ್ಟ್ ಅನ್ನುವ ಎತ್ತರದ ಕಂಬದ ದೀಪಗಳ ಕೆಳಗೆ ಬೆಳಗಾಗುವುದರಲ್ಲಿ ರೆಕ್ಕೆ ಉದುರಿದ ಹುಳ ಬುಟ್ಟಿಗಟ್ಟಲೆ ಬಿದ್ದಿರುತ್ತವೆ. ಮಲಗುವ ಹೊತ್ತಿಗೆ ಕಣ್ಣಿಗೆ ಬೆಳಕು ಬಿದ್ದರೆ ನಿದ್ದೆ ತರುವ ಮೆಲಟೋನಿನ್ ಮೈಯಲ್ಲಿ ಸರಿಯಾಗಿ ಏರುವುದಿಲ್ಲ. ಅವೆಲ್ಲ ಬಲ್ಲವರು ಬರೆಯಲಿ. ನನ್ನ ಸಂಕಟ ಚುಕ್ಕಿಯದು.

1997ರ ಯುಗಾದಿ ನೆನಪಾಗುತ್ತದೆ. ಹಬ್ಬದ ಮರುದಿನ. ಮಧ್ಯಾಹ್ನ ಅಡ್ಡಗಾಳಿ ಎದ್ದು ಬೇವಿನ ಟೊಂಗೆ ಮುರಿದು ಒಂದು ಊರಿನ ಲೈನ್ ಮೇಲೆ ಬಿದ್ದಿತ್ತು. ಲೈನ್ ಕ್ಲಿಯರ್, ಅಂದರೆ ಕರೆಂಟ್ ಬಂದ್ ಮಾಡಿಸಿ ಕೆಲಸ ಮಾಡುವ ಅನುಮತಿ, ತೆಗೆದುಕೊಂಡು ನಾನು, ನನ್ನ ಹೆಲ್ಪರ್ ತಂತಿ ಜೋಡಿಸಿ ಮುಗಿಸುವಾಗ ಹೊತ್ತು ಮುಳುಗಿ ಕತ್ತಲಾಗಿತ್ತು. ಮುಗಿಲು ತೊಳೆದಿಟ್ಟ ಹಾಗೆ ಸ್ವಚ್ಛ. ಕೆಳಗೆ ಜನ ಯುಗಾದಿ ಚಂದ್ರನನ್ನು ನೋಡಲು ಗುಡಿ ಕಟ್ಟೆಗೆ ಬಂದಿದ್ದರು. ಪಡುವಣದಲ್ಲಿ ಉಗುರಿನಷ್ಟು ಚಂದ್ರ. ನಾನು ಇನ್ನೂ ಕಂಬದ ಮೇಲೆ, ಬೆಲ್ಟಿಗೆ ಆತು ನಿಂತಿದ್ದೆ. ಚಂದ್ರನ ಬಲಕ್ಕೆ, ವಾಯವ್ಯದಲ್ಲಿ ಬಾಲದ ಚುಕ್ಕಿ. ಹೇಲ್-ಬಾಪ್ ಧೂಮಕೇತು. ಪೇಪರಿನಲ್ಲಿ ಓದಿದ್ದೆ, ಆದರೆ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಇಡೀ ಊರಿನಲ್ಲಿ ಒಂದು ದೀಪವಿಲ್ಲ. ಬಾಲ ಮೇಲಕ್ಕೆ ಕಸಬರಿಗೆಯ ಹಾಗೆ ಹರಡಿತ್ತು.

"ಕಾಕಾ, ಲೈಟ್ ಯಾವಾಗ ಬರ್ತಾವ್ರೀ?" ಅಂತ ಕೆಳಗಿಂದ ಒಬ್ಬ ಹುಡುಗ ಕೂಗಿದ.

"ಐದು ನಿಮಿಷ ತಡೀರಿ, ಅಲ್ಲಿ ನೋಡ್ರಿ" ಅಂತ ನಾನು ಬೆರಳು ಮಾಡಿದೆ.

ಕೆಳಗೆ ಇಳಿದೆ. ಕೆಲಸ ಮುಗಿದಿತ್ತು. ಲೈನ್ ಕ್ಲಿಯರ್ ವಾಪಸ್ ಕೊಟ್ಟರೆ ಕರೆಂಟ್ ಬರುತ್ತಿತ್ತು. ನಾನು ಕೊಡಲಿಲ್ಲ. ಮುದುಕರು, ಹೆಂಗಸರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು ಎಲ್ಲ ನಿಂತು ನೋಡಿದರು. ಯಾರೂ ಗದ್ದಲ ಮಾಡಲಿಲ್ಲ. ಒಬ್ಬಾಕೆ ಕೂಸಿನ ಗಲ್ಲ ಹಿಡಿದು ಆ ಕಡೆ ತಿರುಗಿಸುತ್ತಿದ್ದಳು. ಆಮೇಲೆ ಸೈಕಲ್ ಹತ್ತಿ ಹೋಗಿ ಲೈನ್ ಕ್ಲಿಯರ್ ವಾಪಸ್ ಕೊಟ್ಟೆ. ಕೆಲಸದಲ್ಲಿ ನಾನು ಬೇಕೆಂದು ತಡ ಮಾಡಿದ್ದು ಅದೊಂದೇ ಸಲ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪ ಇಲ್ಲ. ಆ ಧೂಮಕೇತು ಇನ್ನು ಬರುವುದು ಎರಡು ಸಾವಿರ ವರ್ಷಕ್ಕೂ ಆಚೆ. ಹ್ಯಾಲಿ ಧೂಮಕೇತು 2061ಕ್ಕೆ ಬರುತ್ತದೆ. ಆಗ ನನ್ನ ಮೊಮ್ಮಗಳಿಗೆ ನಲವತ್ತೇಳು ವರ್ಷ. ಅದು ಬಂದಾಗ ನೋಡಲು ಕತ್ತಲೆ ಉಳಿದಿರಬೇಕಲ್ವಾ?

ಹೋದ ಬೇಸಿಗೆಯಲ್ಲಿ ಗೆಳೆಯನ ಮಗಳ ಮದುವೆಗೆ ಹೋಗಿದ್ದೆ. ಊರ ಹೊರಗಿನ ದೊಡ್ಡ ಮಂಗಲ ಕಾರ್ಯಾಲಯ. ಸಂಜೆ ಭಟ್ಟರು ಮದುಮಕ್ಕಳನ್ನು ಅಂಗಳಕ್ಕೆ ಕರೆತಂದು ಅರುಂಧತಿ ತೋರಿಸಲು ನಿಲ್ಲಿಸಿದರು. ಮೇ ತಿಂಗಳ ರಾತ್ರಿ ಎಂಟು ಗಂಟೆಗೆ ಸಪ್ತರ್ಷಿ ಉತ್ತರದಲ್ಲಿ ಎತ್ತರಕ್ಕೇ ಇರುತ್ತದೆ. ಹಗಲು ಹೊತ್ತು ಸುಮ್ನೆ ಬೆರಳು ತೋರಿಸಿ ಮುಗಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಇವರು ಪಾಪ ನಿಜವಾಗಿ ತೋರಿಸಬೇಕು ಅಂತ ರಾತ್ರಿ ತನಕ ಕಾದಿದ್ದರು. ಅಂಗಳದ ನಾಲ್ಕು ಮೂಲೆಯಲ್ಲಿ ಫೋಕಸ್. ಒಂದು ದೊಡ್ಡ ಲೈಟು ಮುಗಿಲಿಗೇ ಬೆಳಕಿನ ಕಂಬ ಬಿಟ್ಟು ಗಿರಗಿರ ತಿರುಗುತ್ತಿತ್ತು. ಭಟ್ಟರು ಬಹಳ ಹೊತ್ತು ಹುಡುಕಿದರು. ವಸಿಷ್ಠ ಹೇಗೋ ಮಸುಕಾಗಿ ಸಿಕ್ಕ. ಅವನ ಪಕ್ಕದ ಅರುಂಧತಿ ಅವನಿಗಿಂತ ಎಷ್ಟೋ ಮಂದ. ಸಿಗಲಿಲ್ಲ. ಮದುಮಗಳು ಕಣ್ಣು ಕಿರಿದು ಮಾಡಿಕೊಂಡು ನೋಡಿ ನೋಡಿ ಕೊನೆಗೆ "ಕಂಡಿತು" ಅಂದಳು. ಕಂಡಿರಲಿಲ್ಲ ಅಂತ ಅವಳ ಮುಖವೇ ಹೇಳುತ್ತಿತ್ತು.

ಆ ಚುಕ್ಕಿ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿದೆ. ಅವತ್ತು ಅಂಗಳಕ್ಕೆ ಬರಬೇಕಿದ್ದ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಕರೆಂಟೇ ಬಂದಿರಲಿಲ್ಲ. ಅಷ್ಟು ವರ್ಷ ನಡೆದು ಬಂದ ಬೆಳಕು, ಕೊನೆಯ ಗಳಿಗೆಯಲ್ಲಿ ನಮ್ಮ ಫೋಕಸ್ ಲೈಟಿನ ಎದುರು ಸೋತಿತು.

ಇದನ್ನೆಲ್ಲ ಹೇಳಿದರೆ ಜನ ಮೊದಲು ಕೇಳುವುದು ಕಳ್ಳರ ವಿಷಯ, ಹೆಣ್ಣುಮಕ್ಕಳು ತಿರುಗಾಡುವ ವಿಷಯ. ಸರಿಯಾದ ಪ್ರಶ್ನೆ. ನನ್ನ ಸೊಸೆಯೂ ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಬಸ್ಸು ಇಳಿದು ನಡೆದು ಬರುತ್ತಾಳೆ. ಅವಳ ದಾರಿಯಲ್ಲಿ ಒಂದು ದೀಪವೂ ಆರಬಾರದು ಅನ್ನುವವನು ನಾನು. ಆದರೆ ಅವಳೇ ಹೇಳಿದ್ದು ಕೇಳಿ. ಕಣ್ಣಿಗೆ ಹೊಡೆಯುವ ದೀಪದ ಎದುರು ನಡೆಯುವಾಗ ಅದರಾಚೆ ಬೇವಿನ ಗಿಡದ ನೆರಳಲ್ಲಿ ಯಾರು ನಿಂತಿದ್ದಾರೆ ಅನ್ನುವುದೇ ಕಾಣುವುದಿಲ್ಲವಂತೆ. ಇದು ನನಗೆ ಕೆಲಸದಲ್ಲೇ ಗೊತ್ತಾದದ್ದು. ರಾತ್ರಿ ತಂತಿ ಹರಿದಾಗ ಲೈನ್ ಹಿಡಿದು ಹೊಲದಲ್ಲಿ ಹುಡುಕುತ್ತ ಹೋಗುತ್ತಿದ್ದೆವು. ಎದುರಿನಿಂದ ಯಾರಾದರೂ ಮುಖಕ್ಕೆ ಬ್ಯಾಟರಿ ಬಿಟ್ಟರೆ ಬಹಳ ಹೊತ್ತು ಏನೂ ಕಾಣುತ್ತಿರಲಿಲ್ಲ. ಕಾಲ ಬುಡದಲ್ಲಿ ಹರಿದ ತಂತಿ ಇದ್ದರೂ ತಿಳಿಯುತ್ತಿರಲಿಲ್ಲ. ಅದಕ್ಕೆ ನಾವು ಬ್ಯಾಟರಿಯನ್ನು ಯಾವಾಗಲೂ ನೆಲಕ್ಕೆ ಹಿಡಿಯುತ್ತಿದ್ದೆವು. ಬೀದಿದೀಪಕ್ಕೂ ಅದೇ ನ್ಯಾಯ. ಕೆಳಗೆ ಬಿದ್ದ ಕಡಿಮೆ ಬೆಳಕು ಎಲ್ಲ ಕಡೆ ಚೆಲ್ಲಿದ ಜಾಸ್ತಿ ಬೆಳಕಿಗಿಂತ ಕಾವಲಿಗೆ ಒಳ್ಳೆಯದು.

ಇದು ಆಗದ ಕೆಲಸ ಏನಲ್ಲ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ಇಟ್ಟಿದ್ದಾರೆ. ಅದರ ಸುತ್ತಲಿನ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಜಾಗವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲೆ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲಿನ ಹಳ್ಳಿಯವರಿಗೇ ದೂರದರ್ಶಕ ಕೊಟ್ಟು ತರಬೇತಿ ಕೊಟ್ಟಿದ್ದಾರೆ. ಬಂದವರಿಗೆ ಅವರೇ ಚುಕ್ಕಿ ತೋರಿಸುತ್ತಾರೆ, ಅದರಿಂದ ಅವರಿಗೆ ನಾಲ್ಕು ಕಾಸೂ ಆಗುತ್ತದೆ. ಲಡಾಖ್ ಬಹಳ ದೂರ ಅನ್ನುವುದಾದರೆ ನಮ್ಮ ಪಕ್ಕದ ಮಹಾರಾಷ್ಟ್ರದ ಪೆಂಚ್ ಇದೆ. ಹುಲಿ ಕಾಡು. 2024ರ ಜನವರಿಯಲ್ಲಿ ಅದಕ್ಕೂ ಇಂಥದ್ದೇ ಮಾನ್ಯತೆ ಬಂತು. ಅಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ದೀಪಗಳನ್ನು ಬದಲಿಸಿ ನೆಲಕ್ಕೆ ಮುಖ ಮಾಡಿದರು. ದೀಪ ಕಿತ್ತು ಹಾಕಲಿಲ್ಲ, ಮುಖ ತಿರುಗಿಸಿದರು. ನನ್ನಂಥ ಲೈನ್‌ಮನ್‌ಗಳು ಕೆಲವೇ ದಿನಗಳಲ್ಲಿ ಮಾಡಬಹುದಾದ ಕೆಲಸ.

ನಾನು ಮನೆಯಲ್ಲೇ ಒಂದು ಮಾಡಿ ನೋಡಿದ್ದೇನೆ. ನಮ್ಮ ಗೇಟಿನ ದೀಪ 20 ವ್ಯಾಟಿನ ಕಡು ಬಿಳಿ ಬಲ್ಬ್ ಇತ್ತು. ಖಾಲಿಯಾದ 15 ಕಿಲೋ ಎಣ್ಣೆ ಡಬ್ಬಿ ತಂದೆ. ತಗಡು ಕತ್ತರಿಸುವ ಕತ್ತರಿಯಿಂದ ಸೀಳಿ ಬಿಡಿಸಿದೆ. ಅಂಚು ಕೈ ಕೊಯ್ಯದ ಹಾಗೆ ಒಳಕ್ಕೆ ಮಡಚಿ ಸುತ್ತಿಗೆಯಿಂದ ಬಡಿದೆ. ಅದನ್ನು ಬುಟ್ಟಿಯ ಹಾಗೆ ಬಗ್ಗಿಸಿ ಒಳಗೆ ಬಿಳಿ ಪೇಂಟ್ ಹೊಡೆದು ಬಲ್ಬಿನ ಮೇಲೆ ಟೊಪ್ಪಿಗೆ ಕೂರಿಸಿದೆ. ಬಲ್ಬನ್ನೂ ಬದಲಿಸಿ 9 ವ್ಯಾಟಿನ ಹಳದಿ ಹಾಕಿದೆ. ನನ್ನ ಹೆಂಡತಿ ಮೊದಲು ಕತ್ತಲಾಯಿತು ಅಂದಳು. ಎರಡು ದಿನಕ್ಕೆ ಅವಳೇ ಗೇಟಿನ ಮುಂದೆ ರಂಗೋಲಿಯ ಎಳೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ ಅಂದಳು. ಬೆಳಕೆಲ್ಲ ನೆಲಕ್ಕೇ ಬೀಳುತ್ತದೆ. ಎದುರು ಮನೆಯ ಮಾಳಿಗೆಯಲ್ಲಿ ಮಲಗುವವರು ಬಂದು ನಮಗೂ ಒಂದು ಮಾಡಿಕೊಡಿ ಅಂದರು. ಈಗ ನಮ್ಮ ಓಣಿಯಲ್ಲಿ ಐದು ಮನೆಗೆ ಟೊಪ್ಪಿಗೆ ಇದೆ. ಇದರಿಂದ ಊರಿನ ಮೇಲಿನ ಬೆಳಕಿನ ಗುಮ್ಮಟ ಕರಗುವುದಿಲ್ಲ, ಅದು ನನಗೆ ಗೊತ್ತು. ಅದಕ್ಕೆ ಊರಿನ ಕಂಬಗಳೇ ಸರಿಯಾಗಬೇಕು. ಆದರೆ ಮಾಳಿಗೆಯಲ್ಲಿ ನಿಂತವರ ಕಣ್ಣಿಗೆ ನೇರ ಹೊಡೆಯುವ ಬೆಳಕು ಅಷ್ಟರ ಮಟ್ಟಿಗೆ ನಿಂತಿದೆ.

ಹಾಗಾಗಿ ನನ್ನ ವಿನಂತಿ ಇಷ್ಟು. ಬೀದಿದೀಪದ ಟೆಂಡರ್ ಕರೆಯುವಾಗ ವ್ಯಾಟ್ ಎಷ್ಟು, ಗ್ಯಾರಂಟಿ ಎಷ್ಟು ಅನ್ನುವುದರ ಜೊತೆಗೆ ಫಿಟ್ಟಿಂಗ್ ನೆಲಕ್ಕೆ ಸಮವಾಗಿ ಕೂರಬೇಕು, ಬಣ್ಣ 3000 ಕೆ ಮೀರಬಾರದು ಅಂತ ಎರಡು ಸಾಲು ಸೇರಿಸಲಿ. ಹೈಮಾಸ್ಟಿಗೆ ಹೇಗೂ ಟೈಮರ್ ಇರುತ್ತದೆ. ಸಂತೆ, ಬಸ್ಸು ಎಲ್ಲ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಅದರ ಅರ್ಧ ದೀಪ ಆರುವ ಹಾಗೆ ಹೊಂದಿಸಲಿ. ಮುಗಿಲಿಗೆ ಬಿಡುವ ತಿರುಗುವ ಲೈಟುಗಳನ್ನು ಮದುವೆ ಮನೆಯವರೇ ಬೇಡ ಅನ್ನಲಿ. ಅದರಿಂದ ಯಾರಿಗೆ ಏನು ಕಾಣಬೇಕಿದೆ? ಇನ್ನು ಪತ್ರಿಕೆಯವರಲ್ಲಿ ಒಂದು ಕೋರಿಕೆ. ನೀವು ದಿನಾ ಪಂಚಾಂಗದ ಜಾಗದಲ್ಲಿ ನಕ್ಷತ್ರದ ಹೆಸರು ಹಾಕುತ್ತೀರಿ. ವಾರಕ್ಕೊಂದು ದಿನ ಸಂಜೆ ಮುಗಿಲಲ್ಲಿ ಯಾವ ಚುಕ್ಕಿ ಯಾವ ದಿಕ್ಕಿಗೆ ಕಾಣುತ್ತದೆ ಅಂತ ನಾಲ್ಕು ಸಾಲು ಹಾಕಿರಿ. ಮಕ್ಕಳು ಹೊರಗೆ ಬಂದು ನೋಡುತ್ತಾರೆ. ಕಾಣದಿದ್ದರೆ ಯಾಕೆ ಕಾಣುತ್ತಿಲ್ಲ ಅಂತ ಮನೆಯವರನ್ನು ಕೇಳುತ್ತಾರೆ.

ನಮ್ಮ ಊರಿನ ಅಗಸಿ ಮುಂದೆ ಎರಡು ವರ್ಷದ ಹಿಂದೆ ಹೈಮಾಸ್ಟ್ ನಿಂತಿದೆ. ಹೋದ ವಾರ ಊರಿಗೆ ಹೋಗಿ ಹಿರಿಯರ ಹತ್ತಿರ, ಪಂಚಾಯ್ತಿ ಸದಸ್ಯರ ಹತ್ತಿರ ಮಾತಾಡಿ ಬಂದೆ. ಬರುವ ಎಳ್ಳಮಾಸಿ ರಾತ್ರಿ ಎಂಟರಿಂದ ಹತ್ತರವರೆಗೆ ಅದನ್ನು ಆರಿಸಲು ಒಪ್ಪಿದ್ದಾರೆ. ಓಣಿ ದೀಪಗಳು ಇದ್ದೇ ಇರುತ್ತವೆ. ಮೊಮ್ಮಗಳು ವಹಿಯಲ್ಲಿ ಗೆರೆ ಹಾಕಿ ಮನೆ ಮಾಡಿಟ್ಟಿದ್ದಾಳೆ. ಮಾಳಿಗೆ, ಹೊಲ, ಅಗಸಿ. ಮೊದಲ ಮನೆಯಲ್ಲಿ ಮಸುಕು ಅಂತ ಇದೆ, ಎರಡನೆಯದರಲ್ಲಿ ಆರು, ಪಕ್ಕದಲ್ಲಿ ಸಣ್ಣದಾಗಿ ಏಳು. ಅಗಸಿಯ ಮನೆ ಇನ್ನೂ ತುಂಬಬೇಕು. ಡೋಣಿ ಸೀಮೆಯವರು ಯಾರಾದರೂ ಅವತ್ತು ಬರುವುದಾದರೆ ಬನ್ನಿ, ಕಂಬಳಿ ಮಾತ್ರ ನೀವೇ ತನ್ನಿ.

ನಿಮ್ಮ ಓದುಗ,
ಒಬ್ಬ ನಿವೃತ್ತ ಲೈನ್‌ಮನ್,
ವಿಜಯಪುರ